ಎಣ್ಣೆಯೊಳಗೆ ಹನಿ ಮೊದಲೇ ಇತ್ತೆ?

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ, ಬಣ್ಣ, ಬಟ್ಟೆ ಕಾರ್ಖಾನೆಗಳಿಗೆ ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು. ಎಣ್ಣೆಯಿಂದ ನಡೆಯುವ ಬಾಯ್ಲರಿಗೆ ಒಂದು ಬರ್ನರ್, ಅದರ ತುದಿಯಲ್ಲಿ ಪುಟ್ಟ ನಾಝಲ್. ಫರ್ನೇಸ್ ಆಯಿಲ್ ತಣ್ಣಗಿದ್ದಾಗ ಕಾಕಂಬಿಯಂತೆ ಮಂದ. ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಒತ್ತಡ ಹಾಕಿ ತೂತಿನಿಂದ ನುಗ್ಗಿಸಿದರೆ ಮಾತ್ರ ಅದು ತುಂತುರಾಗುತ್ತದೆ. ಸಣ್ಣ ಹನಿ ಬೇಗ ಆವಿಯಾಗಿ ಪೂರ್ತಿ ಉರಿಯುತ್ತದೆ, ದೊಡ್ಡ ಹನಿ ಅರೆಬರೆ ಉರಿದು ಮಸಿಯಾಗುತ್ತದೆ. ನಮ್ಮ ದರ್ಶನಗಳ ಬಹಳ ಹಳೆಯ ಜಗಳವೊಂದನ್ನು ಈ ತೂತಿನ ಬಾಯಲ್ಲಿಟ್ಟು ನೋಡಬೇಕು ಅನಿಸುತ್ತದೆ. ಕಾರ್ಯ ಎಂಬುದು ಕಾರಣದೊಳಗೆ ಮೊದಲೇ ಇರುತ್ತದೆಯೆ? ಇರುತ್ತದೆ ಎನ್ನುವ ಈಶ್ವರಕೃಷ್ಣ ತನ್ನ ಸಾಂಖ್ಯಕಾರಿಕೆಯ 9ನೇ ಕಾರಿಕೆಯಲ್ಲಿ ಅದಕ್ಕೆ ಐದು ಹೇತುಗಳನ್ನು ಕೊಡುತ್ತಾನೆ. ಎಳ್ಳಿನಲ್ಲಿ ಎಣ್ಣೆ ಇದ್ದಂತೆ ಎಂಬುದು ಆ ಪಕ್ಷದವರ ನೆಚ್ಚಿನ ಉದಾಹರಣೆ. ಇಲ್ಲ, ಕಾರ್ಯ ಹೊಸದಾಗಿಯೇ ಹುಟ್ಟುತ್ತದೆ ಎಂಬುದು ನ್ಯಾಯ-ವೈಶೇಷಿಕರ ವಾದ. ಇದು ಬರೀ ಪಂಡಿತರ ಚರ್ಚೆಯಲ್ಲ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇದೇ ಎಂಐಡಿಸಿಯಲ್ಲಿ ಸ್ಫೋಟವಾಗಿ ಜನ ಸತ್ತರು. ಅಂಥ ಹೊತ್ತಿನಲ್ಲಿ ‘ಆಗಬೇಕಾದದ್ದು ಆಯಿತು’ ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಆ ಮಾತಿನ ಹಿಂದೆ ಇರುವುದು, ಫಲವೆಲ್ಲ ಬೀಜದಲ್ಲೇ ಕೂತಿತ್ತು ಎಂಬ ನಂಬಿಕೆ.

ನಲ್ಲಿಯಿಂದ ಸಣ್ಣಗೆ ಇಳಿಯುವ ನೀರಿನ ಎಳೆಯನ್ನು ನೋಡಿದರೆ ಸಾಂಖ್ಯರೇ ಸರಿ ಅನಿಸಬಹುದು. ಸ್ವಲ್ಪ ಕೆಳಗೆ ಅದು ತಾನಾಗಿ ಹನಿಹನಿಯಾಗಿ ಒಡೆಯುತ್ತದೆ. 1833ರಲ್ಲಿ ಫ್ರಾನ್ಸಿನ ಸವಾರ್ ಇದನ್ನು ಕೂಲಂಕಷವಾಗಿ ಗಮನಿಸಿದ, ಆಮೇಲೆ ಬೆಲ್ಜಿಯಮ್ಮಿನ ಪ್ಲಾಟೊ ಕಾರಣ ಹುಡುಕಿದ, 1878ರಲ್ಲಿ ಇಂಗ್ಲೆಂಡಿನ ರೇಲಿ ಲೆಕ್ಕ ಕಟ್ಟಿದ. ಎಳೆಯನ್ನು ಹಿಡಿದಿಟ್ಟಿರುವ ಮೇಲ್ಮೈ ಸೆಳೆತವೇ ಅದನ್ನು ಹಿಸುಕಿ ತುಂಡರಿಸುತ್ತದೆ. ಹನಿಯ ದಪ್ಪ ಎಳೆಯ ದಪ್ಪದ ಸುಮಾರು ಎರಡು ಪಟ್ಟು. ಹನಿಯ ಗಾತ್ರ ಎಳೆಯಲ್ಲೇ ಬರೆದಿಟ್ಟಂತಿದೆ. ಆದರೆ ಎಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಝಲ್, ಡೀಸೆಲ್ ಇಂಜೆಕ್ಟರಿಗೆ ಬನ್ನಿ. ತೂತು ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ಕಿರಿದು, ಒತ್ತಡ ವಾಯುಭಾರದ ಸಾವಿರ ಪಟ್ಟಿಗೂ ಮೀರಿದ್ದು, ಎಣ್ಣೆ ಹೊರಬೀಳುವುದು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ. ತೂತಿನೊಳಗೇ ಅದು ಸುಳಿ ತಿರುಗುತ್ತದೆ. ಒಳಬಾಯಿಯ ಅಂಚು ಚೂಪಾಗಿದ್ದರೆ ಒತ್ತಡ ಕುಸಿದು ಆವಿಗುಳ್ಳೆ ಏಳುತ್ತದೆ. ಹೊರಗೆ ದಟ್ಟ ಗಾಳಿ ಅದರ ಮೈಯಿಂದ ನಾರುನಾರಾಗಿ ಎಣ್ಣೆಯನ್ನು ಕೀಳುತ್ತದೆ, ಆ ನಾರು ಹರಿದು ಹನಿಯಾಗುತ್ತದೆ. ಅದೇ ಎಣ್ಣೆ, ಅದೇ ಪಂಪು ಇಟ್ಟುಕೊಂಡು ಅಂಚನ್ನು ಕೊಂಚ ಗುಂಡಗೆ ಮಾಡಿ, ಇಲ್ಲವೇ ಎದುರಿನ ಗಾಳಿಯ ಸಾಂದ್ರತೆ ಬದಲಿಸಿ: ತುಂತುರು ಬೇರೆಯೇ ಆಗುತ್ತದೆ. ಎಳ್ಳಿನಲ್ಲಿ ಎಣ್ಣೆ ಇದ್ದ ಹಾಗೆ ಎಣ್ಣೆಯಲ್ಲಿ ಹನಿ ಇರಲಿಲ್ಲ ಎಂದಾಯಿತು.

ದ್ರವ್ಯ ಹೊಸದಲ್ಲವಲ್ಲ ಎನ್ನಬಹುದು. ನಿಜ, ಒಂದು ತೊಟ್ಟೂ ಹೆಚ್ಚಾಗಿಲ್ಲ. ಮಧ್ವಾಚಾರ್ಯರ ಸದಸತ್ಕಾರ್ಯವಾದ ನನಗೆ ಹಿಡಿಸುವುದು ಇಲ್ಲಿಯೇ: ಕಾರ್ಯವು ಕಾರಣರೂಪದಲ್ಲಿ ಮೊದಲೇ ಇತ್ತು, ಕಾರ್ಯರೂಪದಲ್ಲಿ ಇರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪ್ರತಿ ಸುಳಿ, ಪ್ರತಿ ಕಂಪನ ಗೊತ್ತಿದ್ದರೆ ಪ್ರತಿ ಹನಿಯನ್ನೂ ಮುಂಚೆಯೇ ಲೆಕ್ಕ ಹಾಕಬಹುದು, ಹಾಗಾದರೆ ಎಲ್ಲವೂ ನಿಶ್ಚಿತವೇ ತಾನೆ? ಇರಲಿ. ಆದರೆ ಆ ಲೆಕ್ಕದೊಳಗೆ ಎಣ್ಣೆಯೊಂದೇ ಇಲ್ಲ. ಅಂಚು, ಗಾಳಿ, ಶಾಖ, ಒತ್ತಡ, ಹಿಂದಿನ ದಿನ ನಾಝಲ್ ಒರೆಸಿದವನ ಕೈ ಎಲ್ಲವೂ ಇವೆ. ನೈಯಾಯಿಕರು ಇದನ್ನೇ ಕಾರಣಸಾಮಗ್ರಿ ಎಂದರು. ಸಾಮಗ್ರಿಯಲ್ಲಿ ಒಂದು ತಪ್ಪಿದರೂ ಆ ಕಾರ್ಯ ಹುಟ್ಟದು. ನಿಶ್ಚಿತ ಎಂದು ಒಪ್ಪಿಕೊಂಡರೂ ಮನುಷ್ಯನ ಕೈ ಆ ನಿಶ್ಚಯದ ಒಳಗೇ ಇದೆ, ಹೊರಗೆ ನಿಂತು ನೋಡುತ್ತಿಲ್ಲ.

ಆಸ್ತಿಕರು ಕೇಳಬಹುದು: ಆ ಸಾಮಗ್ರಿಯಲ್ಲಿ ಪೂರ್ವಕರ್ಮವೂ ಒಂದಲ್ಲವೆ? ವೈಶೇಷಿಕರೇ ಅದನ್ನು ಅದೃಷ್ಟ ಎಂದು ಸೇರಿಸಿಕೊಂಡಿದ್ದಾರೆ. ಸೂಜಿ ಅಯಸ್ಕಾಂತದತ್ತ ಸರಿಯುವುದಕ್ಕೂ ಬೆಂಕಿ ಮೇಲ್ಮುಖವಾಗಿಯೇ ಉರಿಯುವುದಕ್ಕೂ ಅವರ ಸೂತ್ರಗಳು ಕೊಡುವ ಕಾರಣ ಅದೇ. ಕರ್ಮವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆ ಎರಡಕ್ಕೂ ಇಂದು ಕಾಣುವ ಕಾರಣಗಳೇ ಇವೆ; ಕಾಣದ್ದರ ಗಡಿ ಹಿಂದಕ್ಕೆ ಸರಿದಿದೆ. ನಾಝಲ್ ಬಾಯಿಯ ಮೊದಲ ಕೆಲವು ಮಿಲಿಮೀಟರುಗಳೂ ದಶಕಗಳ ಕಾಲ ಹಾಗೆ ಮರೆಯಲ್ಲೇ ಇದ್ದವು. ಹನಿಗಳು ಅಷ್ಟು ಒತ್ತಾಗಿರುವಲ್ಲಿ ಬೆಳಕು ಚೆದುರಿಹೋಗುತ್ತದೆ, ಹಾಯುವುದಿಲ್ಲ. ಶಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದವರು ಬಲವಾದ ಎಕ್ಸ್-ರೇ ಹಾಯಿಸಿ ನೋಡಿದಾಗ, ಗಟ್ಟಿ ದ್ರವದ ಕಂಬ ಎಂದು ಊಹಿಸಿದ್ದಲ್ಲಿ ಇಂಧನ ಆಗಲೇ ಅನಿಲದ ಜೊತೆ ಬೆರೆಯತೊಡಗಿತ್ತು. ಶಬ್ದವನ್ನೂ ಮೀರಿದ ವೇಗದ ತುಂತುರು ತನ್ನ ಸುತ್ತ ಆಘಾತದ ಅಲೆ ಎಬ್ಬಿಸುವುದನ್ನು ಅವರು 2002ರಲ್ಲಿ ಪ್ರಕಟಿಸಿದರು. ನೋಡಲು ಆಗುವುದನ್ನು ನೋಡಿ ಮುಗಿಸುವ ಮೊದಲೇ ಅದೃಷ್ಟದ ಹೆಸರು ಹೇಳುವುದು ವೈಶೇಷಿಕರ ರೀತಿಗೂ ಸಲ್ಲದು.

ಮಗನನ್ನು ಕಳೆದುಕೊಂಡ ತಾಯಿ ಹಣೆಬರಹ ಎಂದರೆ ಯಾರೂ ವಾದಕ್ಕಿಳಿಯಬಾರದು. ಬದುಕಿ ಉಳಿಯಲು ಆಕೆಗೆ ಆ ಮಾತು ಬೇಕು. ಕಾರ್ಖಾನೆ ನಡೆಸುವವನಿಗೆ, ತಪಾಸಣೆಯ ಅಧಿಕಾರಿಗೆ ಆ ಹಕ್ಕಿಲ್ಲ. ಆ ಎರಡು ಸ್ಫೋಟಗಳಿಗೆ ನಾಝಲ್ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಬರ್ನರ್ ಹೊತ್ತಿಕೊಳ್ಳದೆ ಎಣ್ಣೆ ಕುಲುಮೆಯ ತಳದಲ್ಲಿ ನಿಂತು, ಅದರ ಆವಿ ತುಂಬಿಕೊಂಡಾಗ ಮತ್ತೆ ಕಿಡಿ ಕೊಟ್ಟರೆ ಕುಲುಮೆಯೇ ಸಿಡಿಯಬಹುದು. ಅದಕ್ಕೇ ಹೊತ್ತಿಸುವ ಮುನ್ನ ಒಳಗೆಲ್ಲ ಗಾಳಿ ಹಾಯಿಸಬೇಕೆಂಬ ನಿಯಮ. ಗಾಳಿ ಹಾಯಿಸಿದ್ದಾರೆಯೆ, ಎಣ್ಣೆ ಎಷ್ಟು ಕಾದಿದೆ, ನಾಝಲಿನ ಕರಿ ಯಾವತ್ತು ತೆಗೆದದ್ದು ಎಂದು ಆ ಇಬ್ಬರೂ ಕೇಳಿ ಬರೆದಿಟ್ಟುಕೊಳ್ಳಬೇಕಾದದ್ದು ಶಿಫ್ಟ್ ಶುರುವಾಗುವ ಮುಂಚೆ.