ದೂರು ಹೇಳಲಾಗದ ಬಾಯಿ

ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ನಾಯಿಗೆ ಹಾಕುವುದು ಮನೆಯವರು ಉಂಡು ಉಳಿದ ಜೋಳದ ರೊಟ್ಟಿ. ಹಿಟ್ಟು ಕೆಟ್ಟಿದ್ದರೆ ಮೊದಲು ತಿಳಿಯುವುದು ಮನುಷ್ಯರ ನಾಲಿಗೆಗೇ. ಬೀದರಿನ ಅಂಗಡಿಯಿಂದ ತಂದ ಪೊಟ್ಟಣದ ಮಾತು ಬೇರೆ: ಕೊಳ್ಳುವವರು ತಿನ್ನುವುದಿಲ್ಲ, ತಿನ್ನುವ ನಾಯಿಗೆ ಓದಲು ಬಾರದು.

2007ರಲ್ಲಿ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಅವುಗಳ ಆಹಾರಕ್ಕೆಂದು ಚೀನಾದಿಂದ ತರಿಸಿದ ಗೋಧಿಯ ಗ್ಲುಟೆನ್‌ನಲ್ಲಿ ಮೆಲಮೈನ್ ಬೆರೆತಿತ್ತು. ಪ್ರೋಟೀನಿನ ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಮೆಲಮೈನ್‌ನಲ್ಲಿ ಅದು ಹೇರಳ. ಮರುವರ್ಷ ಚೀನಾದಲ್ಲೇ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಅದೇ ಮೋಸ ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು.

ನಾಯಿಗೂ ಕೂಸಿಗೂ ಇರುವುದು ಉಣ್ಣುವ ಬಾಯಿ, ದೂರುವ ಬಾಯಲ್ಲ. ‘ನಾಯಿ ತಿನ್ನುವುದು ತಾನೇ’ ಎಂಬ ಉದಾಸೀನ ನಾಯಿಯಲ್ಲೇ ನಿಲ್ಲುವುದಿಲ್ಲ. ನಂಬಿ ಉಣ್ಣುವವರ ಪರವಾಗಿ ‘ಇದರಲ್ಲೇನಿದೆ’ ಎಂದು ಕೇಳುವ ಹೊಣೆ ಬಡಿಸುವವರದು.