ಮುದ್ದೆ ತೂಗಿದ ಹುಡುಗಿ

ನಮ್ಮ ವೈದ್ಯಕೀಯ ಕಾಲೇಜುಗಳ ವೇಳಾಪಟ್ಟಿಯಲ್ಲಿ ‘ಎಸ್‌ಡಿಎಲ್’ ಅಂತ ಒಂದು ಪೀರಿಯಡ್ ಇರುತ್ತದೆ. ಸೆಲ್ಫ್ ಡೈರೆಕ್ಟೆಡ್ ಲರ್ನಿಂಗ್, ಅಂದರೆ ತಾನಾಗಿ ಕಲಿಯುವುದು. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಮೊದಲ ವರ್ಷದ ಅನಾಟಮಿಯ 675 ಗಂಟೆಗಳಲ್ಲಿ 40 ಗಂಟೆ ಇದಕ್ಕೇ ಮೀಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ನಾನು ಪಾಠ ಮಾಡಿದ ಕಡೆ ಆ ಗಂಟೆ ಹೇಗಿರುತ್ತಿತ್ತು ಗೊತ್ತೆ? ವಿಷಯ ಕೊಡುವವರು ನಾವು, ಪುಟದ ಸಂಖ್ಯೆ ಹೇಳುವವರು ನಾವು, ಕೊನೆಗೆ ಹಾಜರಿ ಕೂಗುವವರೂ ನಾವೇ. ಹಿಂದಿನ ಬೆಂಚಿನಲ್ಲಿ ನೀಟ್ ಪಿಜಿಯ ಪ್ರಶ್ನೆಗಳು ಮೊಬೈಲಿನಲ್ಲಿ ಸರಿಯುತ್ತಿದ್ದವು. ಹುಡುಗರನ್ನು ಬೈದು ಫಲವಿಲ್ಲ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಬರುತ್ತಾರೆ, ಕೂರುತ್ತಾರೆ. ಪರೀಕ್ಷೆಯ ಭಯವೂ ಓದಿಸುತ್ತದೆ, ಪರೀಕ್ಷೆ ಮುಗಿಯುವ ತನಕ.

ತಾನಾಗಿ ಕಲಿಯುವುದನ್ನು ನಾನು ಕಂಡದ್ದು ವಾರ್ಡಿನಲ್ಲಿ. ಮಂಡ್ಯದ ಕಡೆಯ ಒಬ್ಬ ಅಜ್ಜಿ, ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯದೆ ದಾಖಲಾಗಿದ್ದರು. ಹಿಸ್ಟರಿ ಬರೆದುಕೊಳ್ಳಲು ಬಂದ ಮೂರನೇ ವರ್ಷದ ಹುಡುಗಿಯನ್ನು ಅವರೇ ತಿರುಗಿ ಕೇಳಿದರು: ‘ಅನ್ನ ಬ್ಯಾಡ ಅಂದ್ರು, ಬುಟ್ಬುಟ್ಟೆ. ಮುದ್ದೆ ಎಷ್ಟ್ ಉಣ್ಬೌದವ್ವಾ?’

ಹುಡುಗಿ ತಬ್ಬಿಬ್ಬು. ಮೆಟ್‌ಫಾರ್ಮಿನ್ ಡೋಸು ಬಾಯಿಪಾಠವಿತ್ತು, ಮುದ್ದೆ ಪಠ್ಯಪುಸ್ತಕದಲ್ಲಿರಲಿಲ್ಲ. ಅಂದು ರಾತ್ರಿ ಹಾಸ್ಟೆಲ್ಲಿನ ಅಡುಗೆ ಭಟ್ಟರನ್ನು ಕಾಡಿ ಒಂದು ಮುದ್ದೆಗೆ ಹಿಡಿಯುವ ಹಿಟ್ಟನ್ನು ತೂಗಿಸಿದಳಂತೆ. ನೂರು ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್. ನಾರಿದೆ, ಕ್ಯಾಲ್ಸಿಯಂ ಇದೆ ಎಂದು ಎರಡು ದಪ್ಪ ಮುದ್ದೆ ನುಂಗಿದರೆ ಅನ್ನ ಬಿಟ್ಟ ಲಾಭ ಅಲ್ಲಿಗೇ ಹೋಯಿತು. ಮರುದಿನ ಅಜ್ಜಿಯ ಮುಂದೆ ಮುಷ್ಟಿ ಹಿಡಿದು ಗಾತ್ರ ತೋರಿಸಿದಳು. ಮುದ್ದೆ ಚಿಕ್ಕದಾಗಲಿ, ಸೊಪ್ಪು ಜಾಸ್ತಿಯಾಗಲಿ ಎಂದಳು. ‘ಇಷ್ಟೇಯಾ?’ ಎಂದು ಅಜ್ಜಿ ಮುಖ ಸಿಂಡರಿಸಿದ್ದು ಬೇರೆ ಮಾತು.

ಆ ವಾರವೆಲ್ಲ ಆಕೆ ಇನ್ಸುಲಿನ್ ಬೆನ್ನು ಬಿಡಲಿಲ್ಲ. ನಾನೂ ನನ್ನ ಪಾಲಿನ ಕಥೆ ಹೇಳಿದೆ. 1869ರಲ್ಲಿ ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಸೂಕ್ಷ್ಮದರ್ಶಕದಡಿ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಬೇರೆಯೇ ಥರದ ಜೀವಕೋಶಗಳ ಗುಂಪುಗಳನ್ನು ಕಂಡ. ಅವುಗಳ ಕೆಲಸವೇನೆಂದು ತನಗೆ ತಿಳಿಯದು ಎಂಬುದನ್ನು ಮುಚ್ಚಿಡದೆ ಪ್ರಬಂಧ ಒಪ್ಪಿಸಿದ. ಇನ್ಸುಲಿನ್ ಹುಟ್ಟುವುದು ಅಲ್ಲೇ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಜೊತೆ ಅದನ್ನು ಹುಡುಕಲು ನಿಂತ ಚಾರ್ಲ್ಸ್ ಬೆಸ್ಟ್ ಕೂಡ ಆಗಿನ್ನೂ ವಿದ್ಯಾರ್ಥಿಯೇ. ಅಜ್ಜಿಯ ಮುದ್ದೆಗೂ ಬರ್ಲಿನ್ನಿಗೂ ನಂಟು ಸಿಕ್ಕಿದ್ದು ನೋಡಿ ಹುಡುಗಿ ನಕ್ಕಳು. ಮರುವಾರ ಅವಳ ಜೊತೆ ಇನ್ನಿಬ್ಬರು ಬಂದರು, ಯಾರೂ ಕರೆದಿರಲಿಲ್ಲ.

ಪಾಠ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಎಸ್‌ಡಿಎಲ್ ಗಂಟೆಗೆ ವಿಷಯ ಕೊಡಬೇಡಿ. ಮಕ್ಕಳನ್ನು ವಾರ್ಡಿಗೆ ಕಳಿಸಿ, ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ರೋಗಿಯಿಂದ ಕೇಳಿಕೊಂಡು ಬರಲಿ. ಹಾಜರಿ ಪುಸ್ತಕ ಅದೊಂದು ದಿನ ಸ್ಟಾಫ್ ರೂಮಿನಲ್ಲೇ ಇರಲಿ.