ಪಟ್ಟ ಬೇಡವೆಂದ ದಂಡಾಳು

ಚಿಕ್ಕಜಾಲದ ಹಾಳು ಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲಿಗೆ ಇಳಿದರೂ ಬಳ್ಳಾರಿ ರಸ್ತೆಯ ಹಾರ್ನ್ ಬಿಡುವುದಿಲ್ಲ. ಎಲ್ಲರಿಗೂ ವಿಮಾನ ಹಿಡಿಯುವ ಅವಸರ. ಇದೇ ದಿಕ್ಕಿನಲ್ಲಿ ಮುಂದಿರುವ ದೇವನಹಳ್ಳಿಯನ್ನು 1749ರಲ್ಲಿ ಮೈಸೂರಿನ ದಂಡು ತಿಂಗಳುಗಟ್ಟಲೆ ಮುತ್ತಿತ್ತು. ಹೈದರ್ ಅಲಿ ಎಂಬ ಸವಾರ ದಂಡು ನಡೆಸುತ್ತಿದ್ದ ನಂಜರಾಜಯ್ಯನ ಕಣ್ಣಿಗೆ ಬಿದ್ದದ್ದು ಅಲ್ಲಿ. ಐವತ್ತು ಕುದುರೆ, ಇನ್ನೂರು ಕಾಲಾಳು ಕೈಗೆ ಬಂತು. ದೊಡ್ಡ ಬದುಕಿಗೆ ಅಷ್ಟು ಬಂಡವಾಳ ಸಾಕಾಯಿತು.

*

ಗೆಲ್ಲಿಸಿದವನನ್ನು ಸಿಪಾಯಿ ಮರೆತಾನು, ಸಂಬಳ ಬಟವಾಡೆ ಮಾಡಿದವನನ್ನು ಮರೆಯಲಾರ. 1758ರ ಹೊತ್ತಿಗೆ ಶ್ರೀರಂಗಪಟ್ಟಣದ ಬೊಕ್ಕಸ ಬರಿದು. ದಂಡು ಬಾಕಿಗಾಗಿ ಧರಣಿ ಕೂತಿತ್ತು. ಹೈದರ್ ಹಣ ಹೊಂದಿಸಿದ, ಲೆಕ್ಕ ನೋಡಿದ, ಬಾಕಿ ಚುಕ್ತಾ ಮಾಡಿದ. ಓದುಬರಹ ಬಾರದವನು! ಅವನ ಎಲ್ಲ ಕದನಗಳಿಗಿಂತ ಈ ಬಟವಾಡೆಯೇ ದೊಡ್ಡದೆಂದು ನನ್ನ ಎಣಿಕೆ. 1761ರಲ್ಲಿ ರಾಜ್ಯ ಅವನ ಕೈಯಲ್ಲಿತ್ತು.

*

ಹಗೆಗೆ ಹೆದರಬೇಡ, ಲೆಕ್ಕ ಬರೆಯುವವನಿಗೆ ಹೆದರು. 1760ರಲ್ಲಿ ಹೈದರನನ್ನು ರಾಜಧಾನಿಯಿಂದ ಓಡಿಸಿದ್ದು ಅವನದೇ ನಂಬಿಕೆಯ ಲೆಕ್ಕಿಗ ಖಂಡೇರಾವ್.

*

ಅರಸನನ್ನು ಇಳಿಸುವುದು ಸುಲಭ. ಇಳಿಸದೆ ಇರುವುದಕ್ಕೆ ಬುದ್ಧಿ ಬೇಕು. ಹೈದರ್ ಒಡೆಯರನ್ನು ಗಾದಿಯಲ್ಲೇ ಬಿಟ್ಟ. ದಸರೆಯಲ್ಲಿ ಜನ ಅರಸನನ್ನು ಕಣ್ತುಂಬ ನೋಡಿದರು, ಕಂದಾಯ ಹೈದರನಿಗೆ ಕಟ್ಟಿದರು. 1766, 1770, 1776 – ಮೂರು ಸಲ ಹೊಸ ಒಡೆಯರು ಪಟ್ಟಕ್ಕೆ ಬಂದರು. ಯಜಮಾನ ಮಾತ್ರ ಬದಲಾಗಲಿಲ್ಲ.

*

ಚೀನಾದ ಯುವಾನ್ ಶಿಕಾಯ್‌ಗೆ ಈ ತಾಳ್ಮೆ ಇರಲಿಲ್ಲ. ಹೊಸ ಸೈನ್ಯ ಕಟ್ಟಿದ ದಂಡನಾಯಕ, 1912ರಲ್ಲಿ ಗಣರಾಜ್ಯದ ಅಧ್ಯಕ್ಷನಾದ. ಅಷ್ಟಕ್ಕೆ ತೃಪ್ತಿಯಾಗದೆ 1915ರ ಕೊನೆಯಲ್ಲಿ ಚಕ್ರವರ್ತಿ ಎನಿಸಿಕೊಂಡ. ಅವನ ಸೇನಾನಿಗಳೇ ತಿರುಗಿಬಿದ್ದರು. ಮಾರ್ಚ್‌ನಲ್ಲಿ ಕಿರೀಟ ಹೋಯಿತು, ಜೂನ್‌ನಲ್ಲಿ ಪ್ರಾಣ. ಇದ್ದ ಅಧಿಕಾರಕ್ಕೆ ಹೆಸರಿಡಲು ಹೋಗಿ ಅಧಿಕಾರವನ್ನೇ ಕಳೆದುಕೊಂಡ.

*

ಅಪ್ಪ ಬೇಡವೆಂದದ್ದು ಮಗನಿಗೆ ಬೇಕಾಗುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1786ರಲ್ಲಿ ಪಾದಷಾ ಎನಿಸಿಕೊಂಡ.

*

ಕತ್ತಿಗೆ ಬಗ್ಗುವ ತಲೆಗಳಿವೆ. ಮತಪೆಟ್ಟಿಗೆಗೆ ತಲೆಯೇ ಇಲ್ಲ, ಬಗ್ಗುವುದೆಲ್ಲಿ?

*

ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಸೇನೆ ರಾಜಕೀಯದಿಂದ ದೂರವಿರಬೇಕೆಂಬ ಶಿಸ್ತಿನವರು. ಸಮವಸ್ತ್ರ ಕಳಚಿಟ್ಟ ಎಷ್ಟೋ ವರ್ಷಗಳ ಮೇಲೆ, 1971ರಲ್ಲಿ, ಮುಂಬೈ ಈಶಾನ್ಯದಿಂದ ಲೋಕಸಭೆಗೆ ನಿಂತರು. ಲಕ್ಷಾಂತರ ಜನಕ್ಕೆ ಆಜ್ಞೆ ಕೊಟ್ಟವರು ವೋಟಿಗೆ ಕೈಮುಗಿಯಬೇಕಾಯಿತು. ಸೋತರು. ಆ ಸೋಲಿನಿಂದ ಅವರ ಗೌರವಕ್ಕೆ ಕುಂದು ಬಂತೇ? 1986ರಲ್ಲಿ ದೇಶ ಅವರನ್ನು ಫೀಲ್ಡ್ ಮಾರ್ಷಲ್ ಮಾಡಿತು.